ಅಲಂಗ್‌ನಲ್ಲಿ ಕೊಂಡ ಕಪಾಟು: ಇದು ನಿಜಕ್ಕೂ ‘ಫ್ರಾನ್ಸ್’ ಹಡಗಿನದ್ದಾ?

ಹುಬ್ಬಳ್ಳಿ_ಹೈದ
ಎಲ್ಲರಿಗೂ ನಮಸ್ಕಾರ. ಹಡಗಿನ ವಿಷಯ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ?

ಹೋದ ತಿಂಗಳು ಅವ್ವನನ್ನು ಕರೆದುಕೊಂಡು ಗುಜರಾತಿನ ಪಾಲಿತಾಣಕ್ಕೆ ಹೋಗಿದ್ದೆ. ಬೆಟ್ಟ ಹತ್ತಿ ಇಳಿದ ಮೇಲೆ ಅವ್ವ ಎರಡು ದಿನ ಕಾಲು ನೋವು ಅಂತ ಮಲಗಿದಳು. ನನಗೆ ಸುಮ್ನೆ ಕೂತು ಬೇಜಾರು. ಕಾರಿನ ಡ್ರೈವರ್ ‘ಅಲಂಗ್ ನೋಡ್ತೀರಾ, ಹಡಗು ಒಡೆಯೋ ಜಾಗ’ ಅಂದ. ಹೋದೆ. ಯಾರ್ಡಿನ ಒಳಗೆ ನಮ್ಮಂಥವರನ್ನು ಬಿಡುವುದಿಲ್ಲ. ಆದರೆ ಅಲ್ಲಿಗೆ ಹೋಗುವ ರಸ್ತೆಯ ಎರಡೂ ಬದಿ ಹಡಗಿನ ಸಾಮಾನಿನ ಅಂಗಡಿಗಳು. ಹಾಸಿಗೆ, ಪಿಂಗಾಣಿ ತಟ್ಟೆ, ಲೈಫ್ ಜಾಕೆಟ್, ಕಮೋಡು, ಜಿಮ್ಮಿನ ಸೈಕಲ್ಲು, ಏನು ಬೇಕು ಹೇಳಿ.

ಅಲ್ಲಿ ಒಂದು ಕಪಾಟು ಕಣ್ಣಿಗೆ ಬಿತ್ತು. ತೇಗದ ಬಾಗಿಲು, ಒಳಗೆ ಕನ್ನಡಿ, ಹಿತ್ತಾಳೆ ಹಿಡಿಕೆ. ಅಂಗಡಿಯವ ‘ಸಾಹೇಬರೇ, ಇದು ಬ್ಲೂ ಲೇಡಿಯದ್ದು. ಫ್ರಾನ್ಸ್ ದೇಶದ ರಾಣಿಯಂಥ ಹಡಗು’ ಅಂದ. 9,000 ರೂಪಾಯಿಗೆ ಕೊಂಡೆ, ಲಾರಿಗೆ ಹಾಕಿಸಿದೆ. ಮನೆಗೆ ಬಂದ ಮೇಲೆ ನೋಡಿದರೆ ಬ್ಲೂ ಲೇಡಿ ಅನ್ನುವುದು ‘ಫ್ರಾನ್ಸ್’ ಎಂಬ ಹಳೇ ಪ್ರಯಾಣಿಕ ಹಡಗಿನ ಕೊನೆಯ ಹೆಸರಂತೆ, ಅದರ ಕಥೆ ಭಾರಿ ದೊಡ್ಡದಿದೆ. ಹೆಂಡತಿ ಮಾತ್ರ ‘ನಿಮಗೆ ಟೋಪಿ ಹಾಕಿದ್ದಾನೆ’ ಅಂತ ನಗುತ್ತಿದ್ದಾಳೆ. ತಿಳಿದವರು ಹೇಳಿ, ಟೋಪಿಯಾ ಅಲ್ವಾ?

ಸಂಶಯಪ್ಪ
ನಿಮ್ಮ ಮನೆಯವರಿಗೆ ನನ್ನ ಮತ. ಟೋಪಿ.

ಭಾವನಗರದ_ಸೊಸೆ
ನಾನು ಮದುವೆಯಾಗಿ ಬಂದ ಊರು ಭಾವನಗರ. ಆ ಅಂಗಡಿಗಳಿಗೆ ಇಲ್ಲಿ ‘ಖಾಡಾ’ ಅಂತಾರೆ. ನಮ್ಮ ಮನೆಯ ಊಟದ ಟೇಬಲ್ ಕೂಡ ಖಾಡಾದ್ದೇ. ನಿಮಗೊಂದು ಗುಟ್ಟು ಹೇಳ್ತೀನಿ ಸರ್. ಅಲ್ಲಿ ಚೆಂದದ ಸಾಮಾನು ಏನೇ ಇರಲಿ, ಹೊರಗಿನವರು ಕೇಳಿದರೆ ಅದು ಬ್ಲೂ ಲೇಡಿಯದ್ದೇ ಆಗಿರುತ್ತೆ. ಆ ಹಡಗು ಪೂರ್ತಿ ಒಡೆದು ಮುಗಿದದ್ದು 2008ರ ಕೊನೆಗೆ. ಅದರ ಸಾಮಾನು ಇನ್ನೂ ಮಾರುತ್ತಲೇ ಇದ್ದಾರೆ ಅಂದರೆ ಅದು ಅಕ್ಷಯ ಪಾತ್ರೆ ಇರಬೇಕು.

ಹುಬ್ಬಳ್ಳಿ_ಹೈದ
ಅಕ್ಕಾ, ಎದೆ ಒಡೀತು ನೋಡ್ರಿ.

ಎಂಜಿನ್‌ರೂಮ್_ಅಜ್ಜ
ನಾನು ಮೂಲ್ಕಿ ಕಡೆಯವ. ಹಡಗಿನ ಎಂಜಿನ್ ರೂಮಿನಲ್ಲೇ ತಲೆ ಬೆಳ್ಳಗಾದದ್ದು, ಶುರು ಮಾಡಿದ್ದೂ ಸ್ಟೀಮ್ ಹಡಗಿನಲ್ಲಿ. ಈ ‘ಫ್ರಾನ್ಸ್’ ಮೇಲೆ ನನಗೆ ಮೊದಲಿನಿಂದಲೂ ಒಂದು ಹುಚ್ಚು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ ಮಾರಾಯ್ರೆ.

ಮೊದಲು ಕಪಾಟು. ‘ತೇಗದ ಬಾಗಿಲು’ ಅಂದಿರಲ್ಲ, ಅಲ್ಲೇ ನನಗೆ ಅನುಮಾನ ಬಂತು. ಆ ಹಡಗಿನಲ್ಲಿ ಮರ ತೀರಾ ಕಡಿಮೆ. ಕ್ಯಾಬಿನ್ನಿನ ಪೀಠೋಪಕರಣ ಎಲ್ಲ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಹಲಗೆ, ಬೆಂಕಿ ಹಿಡಿಯದ ಬಟ್ಟೆ. ಯಾಕೆ ಅಂದರೆ ಫ್ರೆಂಚರ ದೊಡ್ಡ ದೊಡ್ಡ ಪ್ರಯಾಣಿಕ ಹಡಗುಗಳು ಸಾಲಾಗಿ ಬೆಂಕಿಗೆ ಹೋಗಿದ್ದವು. 1932ರಲ್ಲಿ ಜಾರ್ಜ್ ಫಿಲಿಪ್ಪಾರ್, 1933ರಲ್ಲಿ ಅಟ್ಲಾಂಟಿಕ್, 1939ರಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲೇ ‘ಪ್ಯಾರಿಸ್’ ಎಂಬ ಹಡಗು. 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ನಾರ್ಮಂಡಿ. ಅದು ಎಂಥ ಹಡಗು ಗೊತ್ತುಂಟಾ? ಯುದ್ಧಕ್ಕೆ ಸೈನಿಕರನ್ನು ಸಾಗಿಸಲು ಅದನ್ನು ಬದಲಾಯಿಸುತ್ತಿದ್ದರು. ವೆಲ್ಡಿಂಗಿನದ್ದೋ ಕಟಿಂಗಿನದ್ದೋ ಕಿಡಿ ಲೈಫ್ ಜಾಕೆಟ್ ರಾಶಿಗೆ ಬಿತ್ತು. ಆರಿಸಲು ಹಾಕಿದ ನೀರಿನ ಭಾರಕ್ಕೇ ಮಗುಚಿ ಮಲಗಿತು. ಇಷ್ಟು ಸುಟ್ಟುಕೊಂಡವರು ಮುಂದಿನ ಹಡಗು ಕಟ್ಟುವಾಗ ಮರ ಹಾಕುತ್ತಾರಾ?

ಹಾಗಂತ ನಿಮ್ಮದು ಅಲ್ಲವೇ ಅಲ್ಲ ಅಂತ ಆಣೆ ಹಾಕಲಾರೆ. ಆ ಹಡಗಿಗೆ ಎರಡನೇ ಜನ್ಮ ಒಂದಿತ್ತು, ಆಗ ಒಳಗೆ ತುಂಬಾ ಬದಲಾಯಿಸಿದರು. ಅದನ್ನು ಆಮೇಲೆ ಹೇಳುತ್ತೇನೆ. ನೀವು ಕಪಾಟಿನ ಹಿಂಬದಿ, ಡ್ರಾಯರಿನ ಅಡಿ ಎಲ್ಲ ನೋಡಿ. ಏನಾದರೂ ಚೀಟಿ, ಅಕ್ಷರ ಇದ್ದೀತು.

ಮಂಡ್ಯ_ಮಾತು
ಅಜ್ಜಾ, ಎರಡನೇ ಜನ್ಮಕ್ಕಿಂತ ಮೊದಲು ಮೊದಲನೇ ಜನ್ಮ ಹೇಳಿ. ನಮಗೆ ಹಡಗು ಅಂದರೆ ಟೈಟಾನಿಕ್ ಒಂದೇ ಗೊತ್ತಿರೋದು.

ಎಂಜಿನ್‌ರೂಮ್_ಅಜ್ಜ
ಹೇಳುತ್ತೇನೆ. ಸೆಂ ನಜೇರ್ ಅನ್ನುವ ಊರಿನ ಯಾರ್ಡಿನಲ್ಲಿ 1957ರ ಅಕ್ಟೋಬರಿನಲ್ಲಿ ಕೆಲಸ ಶುರು. 1960ರ ಮೇ 11ಕ್ಕೆ ನೀರಿಗಿಳಿಸಿದರು. ಅಧ್ಯಕ್ಷ ಡಿ ಗಾಲ್ ಬಂದು ಭಾಷಣ ಮಾಡಿದರು, ಅವರ ಹೆಂಡತಿ ಇವೊನ್ ಹೆಸರಿಟ್ಟರು. ದೇಶದ ಹೆಸರನ್ನೇ ಹಡಗಿಗೆ ಇಡುವುದು ಅಂದರೆ ನೋಡಿ, ನಾಳೆ ಏನಾದರೂ ಆದರೆ ಮರ್ಯಾದೆ ಪ್ರಶ್ನೆ. ಆ ಹೆಸರು ಮುಂದೆ ಎಷ್ಟು ಜನರನ್ನು ಅಳಿಸಿತು ಅಂತ ಆಗ ಯಾರಿಗೆ ಗೊತ್ತು!

ಉದ್ದ 316 ಮೀಟರ್. 2004ರಲ್ಲಿ ಕ್ವೀನ್ ಮೇರಿ 2 ಬರುವವರೆಗೆ ಇಷ್ಟು ಉದ್ದದ ಪ್ರಯಾಣಿಕ ಹಡಗು ಬೇರೆ ಇರಲಿಲ್ಲ. ಎಂಟು ಬಾಯ್ಲರ್, ನಾಲ್ಕು ಪ್ರೊಪೆಲ್ಲರ್, 1,60,000 ಅಶ್ವಶಕ್ತಿ. ಮಾಮೂಲು ಓಟವೇ 30 ನಾಟ್ ಹತ್ತಿರ, ಅಂದರೆ ಗಂಟೆಗೆ 55 ಕಿಲೋಮೀಟರ್. ಒಂದು ಊರನ್ನೇ ಹೊತ್ತುಕೊಂಡು ಅಲೆಯ ಮೇಲೆ ಆ ಓಟ! ಎರಡು ಹೊಗೆ ಕೊಳವೆಗೆ ಎರಡೂ ಕಡೆ ರೆಕ್ಕೆ ಇತ್ತು. ಹೊಗೆ ಪಕ್ಕಕ್ಕೆ ಹೋಗಬೇಕು, ಡೆಕ್ಕಿನಲ್ಲಿ ಕೂತವರ ಬಿಳಿ ಅಂಗಿಯ ಮೇಲೆ ಮಸಿ ಬೀಳಬಾರದು, ಅದಕ್ಕೆ.

1962ರ ಫೆಬ್ರವರಿ 3ಕ್ಕೆ ಲ ಹಾವ್ರ್‌ನಿಂದ ನ್ಯೂಯಾರ್ಕಿಗೆ ಮೊದಲ ಓಟ. ಐದು ದಿನದ ದಾರಿ. ಸುಮಾರು 2,000 ಪ್ರಯಾಣಿಕರು, ನೋಡಿಕೊಳ್ಳಲು ಸಾವಿರದ ಮೇಲೆ ಸಿಬ್ಬಂದಿ. ಊಟಕ್ಕೆ ಹೆಸರುವಾಸಿ. ಮೊದಲ ದರ್ಜೆಯ ಊಟದ ಕೋಣೆ ದುಂಡಗೆ, ಮೆಟ್ಟಿಲಿಳಿದು ಒಳಗೆ ಬರಬೇಕು. ಹೆಂಗಸರ ಉಡುಪು ಎಲ್ಲರಿಗೂ ಕಾಣಲಿ ಅಂತ. ನಾಯಿಗಳಿಗೂ ಬೇರೆ ಜಾಗ. ಅಮೆರಿಕದ ನಾಯಿಗಳಿಗೆ ನ್ಯೂಯಾರ್ಕಿನ ರಸ್ತೆಬದಿಯ ಬೆಂಕಿ ಆರಿಸುವ ನಳ್ಳಿ, ಫ್ರಾನ್ಸಿನ ನಾಯಿಗಳಿಗೆ ಅವರ ಊರಿನ ಮೈಲಿಗಲ್ಲು ನಿಲ್ಲಿಸಿದ್ದರು. ಕಾಲೆತ್ತಲು ಪರಿಚಯದ ಜಾಗ ಬೇಕಲ್ವಾ!

ಅದೇ ವರ್ಷ ಡಿಸೆಂಬರಿನಲ್ಲಿ ಮೋನಾಲಿಸಾ ಚಿತ್ರವನ್ನು ಅಮೆರಿಕಕ್ಕೆ ತೋರಿಸಲು ಒಯ್ದದ್ದೂ ಇದೇ ಹಡಗು. ವಾಪಸ್ ತಂದದ್ದು ಯುನೈಟೆಡ್ ಸ್ಟೇಟ್ಸ್ ಎಂಬ ಇನ್ನೊಂದು ಹಡಗು.

ಸಂಶಯಪ್ಪ
ಕಥೆ ಚೆನ್ನಾಗಿದೆ. ಆದರೆ 1958ರಲ್ಲೇ ಬೋಯಿಂಗ್ 707 ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಹಾರಾಟ ಶುರು ಮಾಡಿತ್ತು. ಏಳೆಂಟು ಗಂಟೆಯ ದಾರಿ. ಅದೇ ವರ್ಷ ಅಟ್ಲಾಂಟಿಕ್ ದಾಟುವವರಲ್ಲಿ ವಿಮಾನದವರ ಸಂಖ್ಯೆ ಹಡಗಿನವರನ್ನು ಹಿಂದೆ ಹಾಕಿತ್ತು. ಆಗ ಈ ಹಡಗು ಇನ್ನೂ ಯಾರ್ಡಿನಲ್ಲಿತ್ತು. ಊರಿಗೆ ಬಸ್ಸು ಬಂದ ಮೇಲೆ ಯಾರೋ ಬಂಗಾರದ ಎತ್ತಿನಗಾಡಿ ಮಾಡಿಸಿದ ಹಾಗೆ. ಪ್ರಜೆಗಳ ತೆರಿಗೆ ದುಡ್ಡಿನಲ್ಲಿ!

ಎಂಜಿನ್‌ರೂಮ್_ಅಜ್ಜ
ಒಪ್ಪುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳಲು ಕಷ್ಟ, ಆದರೂ ನಿಜ. ಸರ್ಕಾರದ ಸಹಾಯಧನ ಇಲ್ಲದೆ ಅದು ಒಂದು ವರ್ಷವೂ ನಡೆಯುತ್ತಿರಲಿಲ್ಲ. ಚಳಿಗಾಲದಲ್ಲಿ ವಿಹಾರ ಯಾನಕ್ಕೆ ಬಿಟ್ಟು ನೋಡಿದರು. ಬಿಸಿಲು ಕಾಯಲು ಬಂದವರಿಗೆ ತೆರೆದ ಜಾಗವೇ ಕಡಿಮೆ, ಈಜುಕೊಳಕ್ಕೆ ಗಾಜಿನ ಮುಚ್ಚಳ. ಉತ್ತರ ಅಟ್ಲಾಂಟಿಕ್‌ನ ಚಳಿಗೆ ಕಟ್ಟಿದ ಹಡಗು ಅದು. ಪನಾಮಾ ಕಾಲುವೆಗೆ ಅಗಲ ಒಂದು ಚೂರು ಜಾಸ್ತಿ. 1972ರಲ್ಲಿ ಪ್ರಪಂಚ ಸುತ್ತಲು ಹೊರಟಾಗ ದಕ್ಷಿಣ ಅಮೆರಿಕದ ತುದಿ, ಕೇಪ್ ಹಾರ್ನ್ ಬಳಸಿ ಹೋಗಬೇಕಾಯಿತು.

1973ರ ಕೊನೆಗೆ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಎಂಟು ಬಾಯ್ಲರ್ ಇರುವ ಹಡಗಿಗೆ ಅದು ನೇಣು. 1974ರಲ್ಲಿ ಹೊಸ ಅಧ್ಯಕ್ಷ ಜಿಸ್ಕಾರ್ ದೆಸ್ತ್ಯಾಂ ಸರ್ಕಾರ ‘ಇನ್ನು ದುಡ್ಡಿಲ್ಲ’ ಅಂದುಬಿಟ್ಟಿತು.

ಆಮೇಲೆ ಆದದ್ದು ನನಗೆ ಬಹಳ ಹಿಡಿಸಿದ ಭಾಗ. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಿಂದ ವಾಪಸ್ ಬರುತ್ತಿತ್ತು. ಲ ಹಾವ್ರ್ ಬಾಗಿಲಿಗೆ ಬಂದಾಗ ಸಿಬ್ಬಂದಿ ಹಡಗನ್ನು ತಮ್ಮ ಕೈಗೆ ತೆಗೆದುಕೊಂಡರು. ಬಂದರಿನ ದಾರಿಗೆ ಅಡ್ಡಲಾಗಿ ಲಂಗರು ಹಾಕಿಸಿದರು! ಪ್ರಯಾಣಿಕರನ್ನು ಬೇರೆ ದೋಣಿಯಲ್ಲಿ ದಡಕ್ಕೆ ಕಳಿಸಬೇಕಾಯಿತು. ಸುಮಾರು ಒಂದು ತಿಂಗಳು ಮುಷ್ಕರ ನಡೆಯಿತು. ಹಡಗು ಉಳಿಯಲಿಲ್ಲ. 377 ಸಲ ಅಟ್ಲಾಂಟಿಕ್ ದಾಟಿದ್ದು, 93 ವಿಹಾರ ಯಾನ, ಅಲ್ಲಿಗೆ ಲೆಕ್ಕ ಮುಗಿಯಿತು. ಬಂದರಿನ ಮೂಲೆಯ ಕಟ್ಟೆಗೆ ಕಟ್ಟಿಹಾಕಿದರು. ಜನ ಅದಕ್ಕೆ ‘ಮರೆವಿನ ಕಟ್ಟೆ’ ಅಂತಲೇ ಹೆಸರಿಟ್ಟರು. ಐದು ವರ್ಷ ಅಲ್ಲೇ.

ಮಂಡ್ಯ_ಮಾತು
ಅಜ್ಜನ ಕಾಮೆಂಟ್ ಓದ್ತಾ ಓದ್ತಾ ಟೀ ತಣ್ಣಗಾಯ್ತು.

ಕರಿಕೋಟು_ಕಾಫಿ
ಒಂದು ಪ್ರಶ್ನೆ. ಐದು ವರ್ಷ ಸುಮ್ನೆ ನಿಂತಿದ್ದಾಗಲೇ ಅದನ್ನು ಹೋಟೆಲ್ ಮಾಡಬಹುದಿತ್ತಲ್ವಾ? ಕ್ವೀನ್ ಮೇರಿ ಹಡಗು 1967ರಿಂದ ಕ್ಯಾಲಿಫೋರ್ನಿಯಾದಲ್ಲಿ ಹಾಗೇ ನಿಂತಿದೆ. ಕ್ವೀನ್ ಎಲಿಜಬೆತ್ 2 ಹಡಗು ಈಗ ದುಬೈನಲ್ಲಿ ಹೋಟೆಲ್.

ಎಂಜಿನ್‌ರೂಮ್_ಅಜ್ಜ
ಆ ಯೋಚನೆ ಇತ್ತು. 1977ರಲ್ಲಿ ಅಕ್ರಂ ಒಜ್ಜೆ ಎಂಬ ಸೌದಿಯ ವ್ಯಾಪಾರಿ ಕೊಂಡರು. ಅಮೆರಿಕದ ತೀರದಲ್ಲಿ ನಿಲ್ಲಿಸಿ ತೇಲುವ ಮ್ಯೂಸಿಯಂ, ಕ್ಯಾಸಿನೊ ಮಾಡುವ ಕನಸು. ಆಗಲಿಲ್ಲ. 1979ರಲ್ಲಿ ನಾರ್ವೆಯ ಕ್ನೂಟ್ ಕ್ಲೋಸ್ಟರ್ ಕೊಂಡರು, ಸುಮಾರು 1.8 ಕೋಟಿ ಡಾಲರಿಗೆ. ಕೊಂಡ ಬೆಲೆಯ ನಾಲ್ಕೈದು ಪಟ್ಟು ದುರಸ್ತಿಗೇ ಸುರಿದರು. ನಮ್ಮ ಕಡೆ ಹಳೇ ಮನೆ ಕೊಂಡವರ ಕಥೆಯ ಹಾಗೆ.

ಕ್ಲೋಸ್ಟರ್ ತಲೆ ನೋಡಿ. ಕೆರಿಬಿಯನ್ ಸಮುದ್ರದಲ್ಲಿ ವಾರದ ವಿಹಾರಕ್ಕೆ ಹೋಗುವವರಿಗೆ ಓಟ ಬೇಕಿಲ್ಲ. ಹಡಗೇ ಊರು, ತಲುಪುವ ಅವಸರ ಯಾರಿಗೂ ಇಲ್ಲ. ಹಾಗಾಗಿ ಜರ್ಮನಿಯ ಬ್ರೆಮರ್‌ಹಾವೆನ್‌ಗೆ ಎಳೆದೊಯ್ದು ಮುಂದಿನ ಎಂಜಿನ್ ರೂಮನ್ನೇ ಮುಚ್ಚಿಸಿದರು. ನಾಲ್ಕು ಪ್ರೊಪೆಲ್ಲರಿನಲ್ಲಿ ಎರಡನ್ನು ತೆಗೆಸಿದರು. ತೈಲದ ಖರ್ಚು ಧಡ್ ಅಂತ ಇಳಿಯಿತು. ತೆರೆದ ಡೆಕ್ಕು, ಹೊಸ ಈಜುಕೊಳ ಬಂತು. ಒಡಲಿಗೆ ನೀಲಿ ಬಣ್ಣ. ಹೆಸರು ‘ನಾರ್ವೆ’. ಸಣ್ಣ ದ್ವೀಪಗಳ ಬಂದರಿಗೆ ಇಷ್ಟು ದೊಡ್ಡ ಹಡಗು ಹೋಗಲಾಗದು. ಅದಕ್ಕೆ ಎರಡು ದೊಡ್ಡ ದೋಣಿಗಳನ್ನು ಮುಂಭಾಗದ ಡೆಕ್ಕಿನ ಮೇಲೆ ಹೊತ್ತುಕೊಂಡೇ ಓಡಾಡಿತು. ಒಂದೊಂದರಲ್ಲಿ 400 ಜನ.

1980ರಲ್ಲಿ ಮಯಾಮಿಯಿಂದ ಶುರು. ಆ ಕಾಲದ ಅತಿ ದೊಡ್ಡ ವಿಹಾರ ಹಡಗು. ಇವತ್ತು ಮಹಡಿ ಮೇಲೆ ಮಹಡಿ ಕಟ್ಟಿದ ಹಡಗುಗಳು ಓಡಾಡುತ್ತಿವೆಯಲ್ಲ, ಅವಕ್ಕೆ ದಾರಿ ತೋರಿಸಿದ್ದು ಇದೇ ಅಂತ ನನ್ನ ಲೆಕ್ಕ. ಆಮೇಲೆ ಬೇರೆ ಕಂಪನಿಗಳು ಇನ್ನೂ ದೊಡ್ಡದು ಕಟ್ಟಿದವು. ಇವರೂ ಬಿಡಲಿಲ್ಲ, 1990ರಲ್ಲಿ ಇದರ ತಲೆ ಮೇಲೆ ಇನ್ನೆರಡು ಡೆಕ್ ಕೂರಿಸಿದರು. ನೋಟ ಕೆಟ್ಟಿತು. ಅಜ್ಜಿಗೆ ಮೊಮ್ಮಗಳ ಟೋಪಿ ಹಾಕಿದ ಹಾಗೆ.

ಹುಬ್ಬಳ್ಳಿ_ಹೈದ
ಅಜ್ಜಾರೆ, ಹಾಗಾದರೆ ನನ್ನ ಕಪಾಟು ಈ ಎರಡನೇ ಜನ್ಮದ್ದು ಇರಬಹುದಲ್ವಾ? ಆಸೆ ಇನ್ನೂ ಸತ್ತಿಲ್ಲ. ಡ್ರಾಯರ್ ಬಿಚ್ಚಿ ನೋಡ್ತೀನಿ, ಸ್ಕ್ರೂ ತುಕ್ಕು ಹಿಡಿದಿದೆ.

ನಾರ್ಮಂಡಿಯ_ನಂದಿನಿ
ಓದಲು ಫ್ರಾನ್ಸಿಗೆ ಬಂದು ಇಲ್ಲೇ ಉಳಿದವಳು ನಾನು. ಲ ಹಾವ್ರ್‌ಗೆ ಆಗಾಗ ಹೋಗ್ತೀನಿ. ಆ ಹಡಗಿನ ಮೂತಿಯ ತುದಿ ಈಗ ಅಲ್ಲಿ ಬಂದರಿನ ದಡದಲ್ಲಿ ನಿಂತಿದೆ. ಅಲಂಗ್‌ನಲ್ಲಿ ಕತ್ತರಿಸುವಾಗ ಅದೊಂದನ್ನು ಉಳಿಸಿ ಪ್ಯಾರಿಸ್‌ಗೆ ತಂದರು, 2009ರ ಫೆಬ್ರವರಿಯಲ್ಲಿ ಹರಾಜಾಯಿತು. 2.5 ಲಕ್ಷ ಯೂರೋ ದಾಟಿತು. ಅಲ್ಲಿ ಇಲ್ಲಿ ಸುತ್ತಿ 2018ರಲ್ಲಿ ತನ್ನ ಊರಿಗೆ ಬಂತು. ನಾನು ನೋಡಲು ಹೋದಾಗ ಒಬ್ಬರು ವಯಸ್ಸಾದವರು ಅದರ ಮೇಲೆ ಕೈ ಇಟ್ಟು ನಿಂತಿದ್ದರು. ಮಾತಾಡಿಸಿದೆ. ‘ಅಪ್ಪ ಇದರಲ್ಲಿ ಅಡುಗೆ ಕೆಲಸಕ್ಕಿದ್ದರು’ ಅಂದರು. ‘ನೀನು ಯಾವ ಊರು’ ಅಂತ ಕೇಳಿದರು. ಭಾರತ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅಲಂಗ್’ ಅಂದರು. ನಮ್ಮ ದೇಶದಲ್ಲಿ ಅವರಿಗೆ ಗೊತ್ತಿದ್ದ ಊರು ಅದೊಂದೇ ಇರಬೇಕು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಸಂಶಯಪ್ಪ
ಅವರ ಅಳು ಅರ್ಥವಾಗುತ್ತೆ ಮೇಡಂ. ಆದರೆ ವಿಷ ತುಂಬಿದ ಹಡಗನ್ನು ನಮ್ಮ ಊರಿನ ಮರಳಿನ ಮೇಲೆ ಬಿಟ್ಟು ಮೂತಿಯನ್ನು ಮಾತ್ರ ನೆನಪಿಗೆ ಒಯ್ದರು. ಅದನ್ನು ಯಾರೂ ಹೇಳಲ್ಲ.

ಕರಿಕೋಟು_ಕಾಫಿ
ಹೇಳಿದ್ದಾರೆ ಸರ್, ಸುಪ್ರೀಂ ಕೋರ್ಟಿನವರೆಗೂ ಹೋಗಿ ಹೇಳಿದ್ದಾರೆ. ನಾನು ವಕೀಲ, ಕಾಲೇಜಿನಲ್ಲಿ ಪರಿಸರ ಕಾನೂನು ಓದುವಾಗ ಈ ಕೇಸು ಓದಿದ್ದೆ. ಆದರೆ ಹಡಗು ಅಮೆರಿಕದಿಂದ ಇಲ್ಲಿಗೆ ಬಂದದ್ದು ಹೇಗೆ ಅಂತ ಅಜ್ಜ ಹೇಳಲಿ. ಸ್ಫೋಟದ ವಿಷಯ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.

ಎಂಜಿನ್‌ರೂಮ್_ಅಜ್ಜ
ಈ ಭಾಗ ಬರೆಯಲು ನನಗೆ ಇಷ್ಟವಿಲ್ಲ. ಬರೆಯುತ್ತೇನೆ.

2003ರ ಮೇ 25, ಮಯಾಮಿ ಬಂದರು. ಬೆಳಗಿನ ಜಾವ ಬಂದು ಕಟ್ಟಿದ್ದಾರೆ. ಪ್ರಯಾಣಿಕರು ಇನ್ನೂ ಮೇಲೆ ಕ್ಯಾಬಿನ್ನಿನಲ್ಲಿದ್ದಾರೆ. ಕೆಳಗೆ ಒಂದು ಬಾಯ್ಲರ್ ಒಡೆಯಿತು.

ಸ್ಟೀಮ್ ಬಾಯ್ಲರ್ ಒಡೆಯುವುದು ಅಂದರೆ ಬಾಂಬಿನ ಹಾಗೆ ಬೆಂಕಿ ಅಲ್ಲ. ಒಳಗೆ ಟನ್ನುಗಟ್ಟಲೆ ನೀರು ಇರುತ್ತದೆ. ಕುದಿಯುವುದಕ್ಕಿಂತ ಎಷ್ಟೋ ಜಾಸ್ತಿ ಬಿಸಿ, ಆದರೂ ಒತ್ತಡದಿಂದಾಗಿ ನೀರಾಗಿಯೇ ಇರುತ್ತದೆ. ಲೋಹ ಬಾಯಿ ಬಿಟ್ಟ ಕ್ಷಣ ಒತ್ತಡ ಹೋಯಿತು. ಆ ಬಿಸಿನೀರಿನಲ್ಲಿ ಒಂದು ಪಾಲು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಬೆ. ಹಬೆಯಾದ ನೀರು ಸಾವಿರ ಪಟ್ಟು ಮೀರಿ ಹಿಗ್ಗುತ್ತದೆ. ಅದಕ್ಕೆ ಹೋಗಲು ಜಾಗ ಬೇಕು. ಎಂಜಿನ್ ರೂಮಿನಿಂದ ಮೇಲೆ ಹೋಗುವ ದಾರಿ, ಸಿಬ್ಬಂದಿ ಮಲಗುವ ಕೋಣೆಗಳ ದಾರಿ, ಎಲ್ಲಿ ಸಂದು ಸಿಕ್ಕಿತೋ ಅಲ್ಲಿಗೆ. ಎಂಟು ಜನ ಸಿಬ್ಬಂದಿ ಸತ್ತರು. ಹತ್ತಾರು ಜನಕ್ಕೆ ಗಾಯ. ಸತ್ತವರಲ್ಲಿ ಹೆಚ್ಚಿನವರು ಫಿಲಿಪೀನ್ಸಿನವರು. ಮೇಲೆ ಸಾವಿರಾರು ಜನ ರಜೆ ಮುಗಿಸಿ ಪೆಟ್ಟಿಗೆ ಕಟ್ಟುತ್ತಿದ್ದರು, ಅವರಿಗೆ ಏನೂ ಆಗಲಿಲ್ಲ. ಹಡಗಿನಲ್ಲಿ ಕೆಳಗಿನವರು, ಮೇಲಿನವರು ಅನ್ನುವುದು ಬರೀ ಮಾತಲ್ಲ.

ಅಮೆರಿಕದ ತನಿಖಾ ಮಂಡಳಿ ಹೇಳಿದ್ದು ಇಷ್ಟು: ಬಾಯ್ಲರ್ ನಡೆಸುವುದರಲ್ಲಿ, ನಿರ್ವಹಣೆಯಲ್ಲಿ, ತಪಾಸಣೆಯಲ್ಲಿ ಕೊರತೆ. ಅದರಿಂದ ಲೋಹ ಸವೆಯಿತು, ದಣಿದು ಬಿರುಕು ಬಿಟ್ಟಿತು. 2008ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪು ಒಪ್ಪಿಕೊಂಡಿತು.

ನನ್ನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಆ ಬಾಯ್ಲರುಗಳನ್ನು ಮಾಡಿದ್ದು ಐದು ದಿನ ಒಂದೇ ಸಮ ಉರಿಯಲು. ವಿಹಾರ ಹಡಗಾದ ಮೇಲೆ ಇವತ್ತು ಬಂದರು, ನಾಳೆ ಓಟ. ಬಿಸಿ ಮಾಡು, ಆರಿಸು, ಮತ್ತೆ ಬಿಸಿ ಮಾಡು. ಲೋಹಕ್ಕೂ ಅದು ಆಯಾಸ. ಅಂಥದ್ದಕ್ಕೆ ಎರಡು ಪಟ್ಟು ಆರೈಕೆ ಬೇಕು. ಎರಡು ಪಟ್ಟು ದುಡ್ಡೂ ಬೇಕು. ಅಲ್ಲೇ ನಾಲಿಗೆ ಹೊರಳುವುದಿಲ್ಲ ಮಾಲೀಕರಿಗೆ, ಯಾವ ದೇಶದಲ್ಲೂ.

ಮಂಡ್ಯ_ಮಾತು
...

ಕರಿಕೋಟು_ಕಾಫಿ
ಮುಂದಿನದು ನಾನು ಹೇಳ್ತೀನಿ.

ಹಡಗನ್ನು ಮತ್ತೆ ಬ್ರೆಮರ್‌ಹಾವೆನ್‌ಗೆ ಎಳೆದೊಯ್ದರು. 2004ರಲ್ಲಿ ‘ಇನ್ನು ಓಡಲ್ಲ’ ಎಂಬ ಘೋಷಣೆ. ಈಗ ತೊಡಕು ಶುರು. ವಿಷವಸ್ತು ಇರುವ ಹಡಗನ್ನು ಯುರೋಪಿನಿಂದ ಬಡ ದೇಶಗಳಿಗೆ ಗುಜರಿಗೆ ಕಳಿಸುವ ಹಾಗಿಲ್ಲ, ಬಾಸೆಲ್ ಒಪ್ಪಂದ ಇದೆ. ಆದರೆ ಒಂದು ಹಡಗು ಯಾವ ಗಳಿಗೆಯಲ್ಲಿ ಹಡಗು, ಯಾವ ಗಳಿಗೆಯಲ್ಲಿ ಗುಜರಿ? 2005ರಲ್ಲಿ ಅದು ಹೊರಟಾಗ ದುರಸ್ತಿ, ಬೇರೆ ಬಳಕೆ ಎಂಬ ಮಾತಿತ್ತು. ಮಲೇಷ್ಯಾದ ಪೋರ್ಟ್ ಕ್ಲಾಂಗ್‌ಗೆ ಹೋಗಿ ನಿಂತಿತು. ಅಲ್ಲಿ ಕೈ ಬದಲಾಯಿತು, ಹೆಸರು ‘ಬ್ಲೂ ಲೇಡಿ’ ಆಯಿತು. ಬಾಂಗ್ಲಾದೇಶ ಕಲ್ನಾರಿನ (ಆಸ್ಬೆಸ್ಟಾಸ್, ಬೆಂಕಿ ಹಿಡಿಯದ ನಾರು, ಪುಡಿ ಉಸಿರಿಗೆ ಹೋದರೆ ಕಾಯಿಲೆ) ಕಾರಣಕ್ಕೆ ‘ಬೇಡ’ ಅಂದಿತು. ಅದೇ ಹೊತ್ತಿಗೆ, 2006ರ ಫೆಬ್ರವರಿಯಲ್ಲಿ, ಅಲಂಗ್‌ಗೆ ಹೊರಟಿದ್ದ ಫ್ರಾನ್ಸಿನ ಯುದ್ಧನೌಕೆ ಕ್ಲೆಮಾನ್ಸೊವನ್ನು ಅಧ್ಯಕ್ಷ ಶಿರಾಕ್ ಗಲಾಟೆ ಜಾಸ್ತಿಯಾಗಿ ವಾಪಸ್ ಕರೆಸಿಕೊಂಡಿದ್ದರು. ಯುದ್ಧನೌಕೆ ಸರ್ಕಾರದ್ದು, ಹಾಗಾಗಿ ಕರೆಸಿಕೊಂಡರು. ಬ್ಲೂ ಲೇಡಿಯನ್ನು ಕರೆಯಲು ಯಾರಿದ್ದಾರೆ? ಹೆಸರು ಫ್ರಾನ್ಸಿನದ್ದಾಗಿತ್ತು ಅಷ್ಟೆ, ಯಜಮಾನರು ಅವರಲ್ಲ.

ನಮ್ಮ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿತ್ತು, ಹಡಗು ಒಡೆಯಲು ಬರುವ ಮೊದಲು ವಿಷವಸ್ತು ತೆಗೆದಿರಬೇಕು ಅಂತ. ಇದರಲ್ಲಿ ಕಲ್ನಾರು ಇರುವ ವಸ್ತುವೇ 1,200 ಟನ್‌ಗೂ ಜಾಸ್ತಿ ಎಂಬ ಲೆಕ್ಕ. ಹೋರಾಟಗಾರರು, ಸುತ್ತಲಿನ ಹಳ್ಳಿಯವರು ಕೋರ್ಟಿಗೆ ಹೋದರು. ಆಚೆ ಕಡೆಯವರು ಹೇಳಿದ್ದು: ಕಲ್ನಾರು ಇರುವುದು ಗೋಡೆಯ, ಚಾವಣಿಯ ಹಲಗೆಯೊಳಗೆ. ಹಡಗು ಒಡೆಯದೆ ಅದನ್ನು ತೆಗೆಯುವುದು ಹೇಗೆ? ಕೋರ್ಟು ತಜ್ಞರ ಸಮಿತಿ ಮಾಡಿತು. ಮಳೆಗಾಲ ಬಂತು, ದಡಕ್ಕೆ ತರಲು ಬಿಟ್ಟರು. 2006ರ ಆಗಸ್ಟ್ 15ಕ್ಕೆ ಅಲಂಗ್‌ನ ಮರಳು ಮುಟ್ಟಿತು. ದಿನ ನೋಡಿ!

2007ರ ಸೆಪ್ಟೆಂಬರ್ 11ಕ್ಕೆ ನ್ಯಾ. ಅರಿಜಿತ್ ಪಸಾಯತ್, ನ್ಯಾ. ಎಸ್.ಎಚ್. ಕಪಾಡಿಯಾ ಪೀಠ ಒಡೆಯಲು ಒಪ್ಪಿಗೆ ಕೊಟ್ಟಿತು, ಷರತ್ತಿನ ಮೇಲೆ. ಒಂದು ಕಡೆ ಪರಿಸರ, ಇನ್ನೊಂದು ಕಡೆ 700 ಜನಕ್ಕೆ ಕೆಲಸ, 41,000 ಟನ್ ಉಕ್ಕು. ಎರಡನ್ನೂ ತೂಗಬೇಕು ಎಂಬ ವಾದ. ನನಗೆ ಆ ತಕ್ಕಡಿ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಕಲ್ನಾರಿನ ಕಾಯಿಲೆ ಬರಲು ಇಪ್ಪತ್ತು, ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಆ ಕೆಲಸಗಾರ ಒಡಿಶಾದಲ್ಲೋ ಬಿಹಾರದಲ್ಲೋ ತನ್ನ ಹಳ್ಳಿಯಲ್ಲಿ ಇರುತ್ತಾನೆ. ಕೆಮ್ಮುವುದು ಯಾವ ತಕ್ಕಡಿಗೂ ಕೇಳಿಸಲ್ಲ.

ಭಾವನಗರದ_ಸೊಸೆ
ವಕೀಲರೇ, ನಿಮ್ಮ ಮಾತು ಸರಿ. ಆದರೆ ಇಲ್ಲಿ ಇದ್ದು ನೋಡಿ. ಅಲಂಗ್ ನಿಂತರೆ ಭಾವನಗರ ಜಿಲ್ಲೆಯ ಅರ್ಧ ಒಲೆ ಉರಿಯಲ್ಲ. ಇಲ್ಲಿಯ ಉಕ್ಕಿನ ತಗಡು ಹತ್ತಿರದ ಸಿಹೋರ್‌ನ ಮಿಲ್ಲುಗಳಿಗೆ ಹೋಗುತ್ತೆ, ಕಂಬಿಯಾಗುತ್ತೆ. ನಮ್ಮ ಮಾವ ಮನೆ ಕಟ್ಟಿಸಿದ್ದು ಅದೇ ಕಂಬಿಯಲ್ಲಿ. ಯಾವ ಹಡಗಿನದ್ದೋ ಏನೋ!

ಅಲಂಗ್‌ನಲ್ಲೇ ಯಾಕೆ ಅಂತ ಯಾರೂ ಕೇಳಲಿಲ್ಲ. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ ಹತ್ತು ಮೀಟರಿಗೂ ಜಾಸ್ತಿ, ಮೂರು ಮಹಡಿ ಎತ್ತರ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನ ಉಬ್ಬರಕ್ಕೆ ಕಾಯ್ತಾರೆ. ಎಂಜಿನ್ ಇರುವ ಹಡಗಾದರೆ ಪೂರ್ತಿ ವೇಗದಲ್ಲಿ ನೇರ ದಡಕ್ಕೆ ನುಗ್ಗಿಸ್ತಾರೆ. ಬ್ಲೂ ಲೇಡಿಗೆ ಎಂಜಿನ್ ಎಲ್ಲಿತ್ತು, ಟಗ್ ಎಳೆದು ತಂದಿತು. ನೀರು ಇಳಿದ ಮೇಲೆ ಹಡಗು ಮರಳಿನ ಮೇಲೆ. ಆಮೇಲೆ ಗ್ಯಾಸ್ ಕಟರ್ ಹಿಡಿದವರು ಮುಂದಿನಿಂದ ಕತ್ತರಿಸ್ತಾ ಬರ್ತಾರೆ, ಹಗುರಾದ ಹಾಗೆ ವಿಂಚಿನಿಂದ ಇನ್ನಷ್ಟು ಮೇಲೆಳೀತಾರೆ. 1983ರಿಂದ ಇದೇ ಪದ್ಧತಿ.

ಈಗ ಸ್ವಲ್ಪ ಸುಧಾರಿಸಿದೆ ಅಂತಾರೆ. ಎಷ್ಟೋ ಪ್ಲಾಟ್‌ಗಳಲ್ಲಿ ಕೆಳಗೆ ಕಾಂಕ್ರೀಟ್ ಹಾಸಿದ್ದಾರೆ.

ಕರಿಕೋಟು_ಕಾಫಿ
ಹೌದು ಮೇಡಂ. 2019ರಲ್ಲಿ ನಮ್ಮ ಸಂಸತ್ತು ಹಡಗು ಮರುಬಳಕೆಗೆ ಕಾಯ್ದೆ ಮಾಡಿತು. ಹಡಗುಗಳನ್ನು ಸುರಕ್ಷಿತವಾಗಿ ಒಡೆಯುವ ಬಗ್ಗೆ ದೇಶಗಳ ನಡುವಿನ ಹಾಂಗ್‌ಕಾಂಗ್ ಒಪ್ಪಂದ 2009ರಲ್ಲಿ ಆದದ್ದು ಜಾರಿಗೆ ಬಂದದ್ದು 2025ರ ಜೂನ್ 26ಕ್ಕೆ. ಹದಿನಾರು ವರ್ಷ. ಅಷ್ಟರಲ್ಲಿ ಎಷ್ಟು ಹಡಗು ಮರಳು ಹತ್ತಿದವೋ.

ಎಂಜಿನ್‌ರೂಮ್_ಅಜ್ಜ
ಇಲ್ಲಿ ಒಂದು ವಿಚಿತ್ರ ಗಮನಿಸಿದಿರಾ? ಬೆಂಕಿಗೆ ಹೆದರಿ ಮರ ಬಿಟ್ಟರು, ಕಲ್ನಾರು ತುಂಬಿದರು. ಆ ಕಾಲದಲ್ಲಿ ಎಲ್ಲರೂ ಹಾಗೇ, ಅದು ದೇವರು ಕೊಟ್ಟ ವಸ್ತು ಅಂತಲೇ ನಂಬಿದ್ದರು. ನಾವೂ ಪೈಪಿಗೆ ಬರಿಗೈಯಲ್ಲಿ ಸುತ್ತಿದ್ದೇವೆ. ಆ ಹಡಗು ಬೆಂಕಿಗೆ ಸುಟ್ಟು ಹೋಗಲಿಲ್ಲ, ಅಂದುಕೊಂಡದ್ದು ಸರಿಯಾಯಿತು. ಆದರೆ ಸತ್ತ ಮೇಲೆ ಹೂಳಲು ಯಾರೂ ಜಾಗ ಕೊಡಲಿಲ್ಲ, ಅದೇ ಕಲ್ನಾರಿನ ಕಾರಣಕ್ಕೆ.

ಮೋನಾಲಿಸಾಳನ್ನು ವಾಪಸ್ ತಂದ ಯುನೈಟೆಡ್ ಸ್ಟೇಟ್ಸ್ ಹಡಗು ಹೇಳಿದೆನಲ್ಲ. ಅದರ ಕಲ್ನಾರನ್ನು ಹಿಂದೆಯೇ ತೆಗೆಸಿದ್ದರು. ಫಿಲಡೆಲ್ಫಿಯಾದಲ್ಲಿ ದಶಕಗಟ್ಟಲೆ ತುಕ್ಕು ಹಿಡಿದು ನಿಂತಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿಂದ ಎಳೆದೊಯ್ದರು, ಫ್ಲೋರಿಡಾ ಕಡೆ ಸಮುದ್ರದಲ್ಲಿ ಮುಳುಗಿಸಿ ಮೀನಿಗೆ ಮನೆ ಮಾಡಲು. ನನ್ನನ್ನು ಕೇಳಿದರೆ ಹಡಗಿಗೆ ಅದೇ ವಾಸಿ. ಮನೆಯಲ್ಲಿ ಹೇಳಿದರೆ ಬೈಯುತ್ತಾರೆ, ಬಿಡಿ.

ಹುಬ್ಬಳ್ಳಿ_ಹೈದ
ಡ್ರಾಯರ್ ಬಿಚ್ಚಿತು! ಅಡಿಯಲ್ಲಿ ಮಾಸಿದ ಚೀಟಿ ಇದೆ. ಫೋಟೋ ಹಾಕಿದ್ದೀನಿ. ಫ್ರೆಂಚ್ ಅಲ್ಲ, ಇಂಗ್ಲಿಷೂ ಅಲ್ಲ. ಚೌಕ ಚೌಕ ಅಕ್ಷರ. ಮಗಳು ಫೋನಿನಲ್ಲಿ ಹಿಡಿದು ನೋಡಿದಳು, ಜಪಾನಿ ಅಂತ ಬಂತು. ‘ಎರಡನೇ ಅಧಿಕಾರಿಯ ಕೋಣೆ’ ಅಂತ ಅರ್ಥವಂತೆ.

ಸಂಶಯಪ್ಪ
ಟೋಪಿ. ಆದರೆ ಜಪಾನಿ ಟೋಪಿ.

ಭಾವನಗರದ_ಸೊಸೆ
ಬೇಜಾರಾಗಬೇಡಿ ಸರ್. ತೇಗದ ಬಾಗಿಲಿಗೆ 9,000 ಏನೂ ಜಾಸ್ತಿ ಅಲ್ಲ.

ಎಂಜಿನ್‌ರೂಮ್_ಅಜ್ಜ
ಹಳೇ ಜಪಾನಿ ಸರಕು ಹಡಗು ಇರಬೇಕು. ಅವರ ಮರಗೆಲಸ ಗಟ್ಟಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಕಪಾಟಿನ ಹಿಂದೆ ಬೂದು ಬಣ್ಣದ ಹಲಗೆ ಇದೆಯಲ್ಲ, ಅದು ಮರವೇ? ಅಂಚು ಎಲ್ಲಾದರೂ ಮುರಿದಿದ್ದರೆ ಹತ್ತಿರದಿಂದ ಒಂದು ಫೋಟೋ ತೆಗೆದು ಹಾಕಿ. ಉಜ್ಜಬೇಡಿ, ಬರೀ ಫೋಟೋ.

ಹುಬ್ಬಳ್ಳಿ_ಹೈದ
ಮರ ಅಲ್ಲ ಅಜ್ಜಾರೆ. ಸಿಮೆಂಟ್ ಶೀಟಿನ ಹಾಗೆ ಇದೆ. ಒಂದು ಮೂಲೆ ಮುರಿದಿದೆ, ಒಳಗೆ ನಾರು ನಾರು ಕಾಣುತ್ತೆ. ಫೋಟೋ ಹಾಕಿದೆ ನೋಡಿ. ಇದನ್ನು ಗೋಡೆಗೆ ಕೂರಿಸಲು ನಾಲ್ಕು ತೂತು ಹೊಡೆಯಬೇಕು, ನಾಳೆ ಬೆಳಿಗ್ಗೆ ಬಡಿಗೇರ ಡ್ರಿಲ್ ತಗೊಂಡು ಬರ್ತಾನೆ.

ಎಂಜಿನ್‌ರೂಮ್_ಅಜ್ಜ
ಬೇಡ. ಹಳೇ ಹಡಗಿನ ಕ್ಯಾಬಿನ್ನಿಗೆ ಇಂಥ ಹಲಗೆಯನ್ನೇ ಹಾಕುತ್ತಿದ್ದರು. ಕಲ್ನಾರು ಹೌದೋ ಅಲ್ಲವೋ ಅಂತ ಫೋಟೋ ನೋಡಿ ಹೇಳಲಾಗದು, ಲ್ಯಾಬಿನಲ್ಲೇ ತಿಳಿಯಬೇಕು. ಅಲ್ಲಿಯವರೆಗೆ ಹೌದು ಅಂತಲೇ ತಿಳಿಯಿರಿ. ತೂತು ಹೊಡೆಯಬೇಡಿ, ಗರಗಸ ಹಾಕಬೇಡಿ, ಮರಳು ಕಾಗದದಿಂದ ಉಜ್ಜಬೇಡಿ. ಮುರಿದ ಮೂಲೆಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಮೇಲೆ ದಪ್ಪ ಟೇಪ್ ಸುತ್ತಿ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಪೊರಕೆ ತೆಗೆದುಕೊಂಡು ಗುಡಿಸಬೇಡಿ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಫಲಿತಾಂಶ ಬಂದ ಮೇಲೆ ಮುಂದಿನದು ನೋಡೋಣ.

ಹುಬ್ಬಳ್ಳಿ_ಹೈದ
ಬಡಿಗೇರನಿಗೆ ಈಗಲೇ ಫೋನ್ ಮಾಡಿ ಬರಬೇಡಪ್ಪಾ ಅಂದೆ. ಅವನು ‘ಯಾಕ್ರಿ ಸರ್, ಇಂಥ ಹಡಗಿನ ಕಪಾಟು ಈ ವರ್ಷ ಆಗಲೇ ಮೂರು ಕೊರೆದೀನಿ’ ಅಂದ.